ಮುದ್ದೆಯ ಹದ

ಹನ್ನೊಂದು ವರ್ಷ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಕೋಲಾರದ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ವಾಪಸ್ ಬರುವಾಗ ರಾತ್ರಿ ಒಂಬತ್ತೂವರೆ. ಅಮ್ಮ ಮುಚ್ಚಿಟ್ಟ ಮುದ್ದೆ ಅಷ್ಟೊತ್ತಿಗೆ ಆರಿ ಗಟ್ಟಿಯಾಗಿರುತ್ತಿತ್ತು. ಮೊಬೈಲ್ ನೋಡುತ್ತಾ ನುಂಗಿ ಮಲಗುತ್ತಿದ್ದೆ. ತಿಂದದ್ದು ಯಾವ ಸಾರು ಅಂತ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

2022ರಲ್ಲಿ ಕೆಲಸ ಬಿಟ್ಟೆ. ಮನೆ ಸಾಲ ತೀರಿತ್ತು, ಹೆಂಡತಿಗೆ ಶಾಲೆಯಲ್ಲಿ ಕೆಲಸವಿತ್ತು, ಒಂದು ವರ್ಷದ ಖರ್ಚಿಗೆ ದುಡ್ಡು ಎತ್ತಿಟ್ಟಿದ್ದೆ. ಇಷ್ಟಿಲ್ಲದಿದ್ದರೆ ಬಿಡುತ್ತಿರಲಿಲ್ಲ. ಅದೇ ಹೊತ್ತಿಗೆ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಇನ್ನು ಅಡುಗೆ ನನ್ನದು ಅಂದೆ.

ಮೊದಮೊದಲು ಆಫೀಸಿನ ಅಭ್ಯಾಸದಲ್ಲೇ ಅಡುಗೆ ಮಾಡಿದೆ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು, ಇಷ್ಟು ನಿಮಿಷ ಉರಿ, ಎಲ್ಲ ಬರೆದಿಟ್ಟೆ. ಒಂದು ದಿನ ಮುದ್ದೆ ಚೆನ್ನಾಗಿ ಬರುತ್ತಿತ್ತು. ಮರುದಿನ ಅದೇ ಅಳತೆಗೆ ತಟ್ಟೆಯಲ್ಲಿ ಹರಡಿಕೊಳ್ಳುತ್ತಿತ್ತು. ತುಂಬಾ ಬೇಜಾರಾಗುತ್ತಿತ್ತು. ಒಂದು ದಿನ ಅಮ್ಮ ಅಂದಳು: "ಇವತ್ತು ಮಿಲ್ಲಿಂದ ತಂದ ಹಿಟ್ಟು ಬೇರೆ, ತಿಂಗಳಿಂದ ಡಬ್ಬದಲ್ಲಿರೋ ಹಿಟ್ಟು ಬೇರೆ ಕಣಪ್ಪ. ಲೋಟ ಬಿಡು, ಕೋಲು ಎಷ್ಟು ಬಿಗಿ ಹಿಡಿಯುತ್ತೆ ನೋಡು."

ಈಗ ಹೀಗೆ ಮಾಡುತ್ತೇನೆ. ಎಸರಿಗೆ ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಬಿಡುತ್ತೇನೆ. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲಿನಿಂದ ತೂತು ಮಾಡಿ, ಉರಿ ತಗ್ಗಿಸಿ ಐದಾರು ನಿಮಿಷ ಮುಟ್ಟುವುದಿಲ್ಲ. ಸುಮ್ನೆ ನಿಂತಿರುವ ಈ ಐದು ನಿಮಿಷವೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಹಿಟ್ಟಿನ ಹಸಿ ವಾಸನೆ ಹೋದಮೇಲೆ ಗಂಟಿಲ್ಲದ ಹಾಗೆ ತೊಳಸಬೇಕು. ಬೆರಳು ಒದ್ದೆ ಮಾಡಿ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಬೆಂದಿಲ್ಲ ಅಂತ ಅರ್ಥ.

ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ಏನೂ ಮಾತಾಡದೆ ಉಂಡು, ಇನ್ನರ್ಧ ಮುದ್ದೆ ಹಾಕು ಅಂದಳು. ಹನ್ನೊಂದು ವರ್ಷದಲ್ಲಿ ಯಾವ ಬಡ್ತಿಗೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆಮೇಲೆ ಬಸ್ಸಾರು ಕಲಿತೆ. ಮಳೆ ಬಿದ್ದ ಮೇಲೆ ಮಾರ್ಕೆಟ್‌ಗೆ ಬೆರಕೆ ಸೊಪ್ಪು ಬರುತ್ತೆ. ದಂಟು, ಕೀರೆ, ಗಣಿಕೆ, ಹೊನಗೊನೆ ಬಿಡಿಸಿ ಗುರುತು ಹಿಡಿಯಲು ಸೊಪ್ಪು ಮಾರುವ ಅಜ್ಜಿಯೇ ಹೇಳಿಕೊಟ್ಟರು. ತೊಗರಿಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದಮೇಲೆ ಕಟ್ಟು ಬಸಿಯಬೇಕು. ಬೆಂದದ್ದರಲ್ಲಿ ಒಂದು ಹಿಡಿಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು, ಜೀರಿಗೆ, ಸಾರಿನ ಪುಡಿ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. 2023ರ ಜುಲೈನಲ್ಲಿ, ಇಷ್ಟು ದೊಡ್ಡ ಟೊಮೆಟೊ ಮಾರುಕಟ್ಟೆ ಇರುವ ನಮ್ಮ ಊರಲ್ಲೇ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಹುಳಿಗೆ ಬರೀ ಹುಣಸೆ ಹಾಕಿದೆ. ಅಮ್ಮನ ಕಾಲದ ರುಚಿ ಅದೇ ಅಂತೆ. ಅಂದಿನಿಂದ ಬಸ್ಸಾರಿಗೆ ಟೊಮೆಟೊ ಹಾಕಿಲ್ಲ.

ಇಷ್ಟು ಚೆನ್ನಾಗಿ ಮಾಡ್ತೀಯ, ಮೆಸ್ ಶುರು ಮಾಡು ಅನ್ನುತ್ತಾರೆ. ಬೇಡ. ಮತ್ತೆ ಗಡಿಯಾರ ನೋಡಿಕೊಂಡು ಬೇಯಿಸಬೇಕಾಗುತ್ತೆ. ದಿನಕ್ಕೆ ನಾಲ್ಕು ಗಂಟೆ ಮನೆಯಿಂದಲೇ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮೊದಲಿನ ಸಂಬಳದ ಮೂರನೇ ಒಂದು ಭಾಗ ಬರುತ್ತೆ. ಹೋಟೆಲ್, ಪೆಟ್ರೋಲು ಎರಡೂ ತಗ್ಗಿದೆ, ಸಾಲುತ್ತೆ.

ಡಿಸೆಂಬರ್ ಬಂತೆಂದರೆ ಅವರೆಕಾಯಿ. ಸೊಗಡಿರುವ ಕಾಯಿ ಆರಿಸಿ ತಂದು, ಕಾಳು ಬಿಡಿಸಿ ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಅಮ್ಮ ಕುರ್ಚಿಯಲ್ಲಿ, ಮಗಳೂ ನಾನೂ ನೆಲದ ಮೇಲೆ, ನಡುವೆ ಬೋಗುಣಿ. ಎರಡು ಬೆರಳಲ್ಲಿ ಹಿತುಕಿದರೆ ಬೇಳೆ ಪಟಕ್ಕನೆ ಹಾರುತ್ತೆ. ಅಮ್ಮ ತನ್ನ ಅತ್ತೆಯ ಕಾಲದ ಸೌದೆ ಒಲೆಯ ಮಾತು ಶುರು ಮಾಡುತ್ತಾಳೆ. ಬೋಗುಣಿ ತುಂಬಿದರೂ ಮಾತು ಮುಗಿಯುವುದಿಲ್ಲ. ಸಿಪ್ಪೆಯನ್ನು ಮಗಳು ಪಕ್ಕದ ಮನೆಯ ಹಸುವಿಗೆ ಹಾಕಿ ಬಂದು, ಸಾರು ಆಯ್ತಾ ಅಂತ ಕೇಳುತ್ತಾಳೆ.