ಸಿಎನ್‌ಸಿ ಯಂತ್ರಕ್ಕೆ ಸ್ಥಾಯಿ ವಿದ್ಯುತ್ತಿನ ಕಾಟ ತಪ್ಪಿಸುವ ಬಗೆ

ಹಾಸನದ ಮಳೆಗಾಲವಿಡೀ ತಕರಾರಿಲ್ಲದೆ ನಡೆದ ಕಂಪ್ಯೂಟರಿನ ಆಣತಿಯಂತೆ ತಾನೇ ಕೊರೆಯುವ ನನ್ನ ಪುಟ್ಟ ಸಿಎನ್‌ಸಿ ಯಂತ್ರ, ಫೆಬ್ರುವರಿಯ ಒಣಹವೆಯಲ್ಲಿ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆ ಕೊರೆಯುವಾಗ ನಡುನಡುವೆ ನಿಂತುಬಿಡುತ್ತಿತ್ತು. ದೂಳು ಹೀರುವ ಪ್ಲಾಸ್ಟಿಕ್ ಕೊಳವೆಯ ಒಳಮೈಗೆ ಪುಡಿ ಉಜ್ಜಿ ಹುಟ್ಟುವ ಸ್ಥಾಯಿ ವಿದ್ಯುತ್ತು ಚಟ್ಟನೆ ಯಂತ್ರದ ಚೌಕಟ್ಟಿಗೆ ಹಾರಿ ಕಂಪ್ಯೂಟರಿನೊಡನೆ ಇರುವ ಯುಎಸ್‌ಬಿ ಸಂಪರ್ಕವನ್ನು ಕಡಿಯಬಲ್ಲದು. ಕೊಳವೆಯ ಬಳಿ ಮುಂಗೈ ಕೂದಲು ನಿಮಿರಿದರೆ ಅನುಮಾನ ಅತ್ತಲೇ ಹರಿಯಬೇಕು.

ಪ್ಲಗ್ ಕಿತ್ತ ಮೇಲೆ, ಕೊಳವೆಯೊಳಗೆ ಉದ್ದಕ್ಕೂ ಹೊದಿಕೆಯಿಲ್ಲದ ತಾಮ್ರದ ತಂತಿ ಎಳೆದು, ಅದನ್ನು ಚೌಕಟ್ಟಿಗೂ ಅಲ್ಲಿಂದ ಅರ್ತಿಂಗಿಗೂ ಜೋಡಿಸಬೇಕು. ಚೌಕಟ್ಟಿನ ಅಲ್ಯೂಮಿನಿಯಂ ಮೇಲಿನ ಆನೊಡೈಸ್ (ರಕ್ಷಣೆಗೆಂದು ಬೆಳೆಸಿದ ಆಕ್ಸೈಡ್) ಪದರ ವಿದ್ಯುತ್ತನ್ನು ಹರಿಯಗೊಡದ ಕಾರಣ, ಬೋಲ್ಟು ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಚೌಕಟ್ಟಿಗೂ ಅರ್ತಿಂಗಿಗೂ ನಡುವಿನ ರೋಧವನ್ನು ಮಲ್ಟಿಮೀಟರು 1 ಓಮ್‌ಗಿಂತ ಕಡಿಮೆ ತೋರಿಸುತ್ತದೆಯೇ ಎಂದು ನೋಡಬೇಕು. ಹಳೆಯ ಮನೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಇದೆಯೇ ಎಂಬುದನ್ನೂ ಎಲೆಕ್ಟ್ರೀಷಿಯನ್ನರಿಂದ ಪರೀಕ್ಷಿಸಿಕೊಳ್ಳುವುದು ಲೇಸು. ಅದಿಲ್ಲವೆಂದು ನ್ಯೂಟ್ರಲ್ ತಂತಿಗೆ ಜೋಡಿಸುವುದು ಪ್ರಾಣಾಪಾಯ. ಯಂತ್ರದ ಚಲನೆಯ ಕೊನೆಯನ್ನು ತಿಳಿಸುವ ಲಿಮಿಟ್ ಸ್ವಿಚ್ಚಿನ ಶೀಲ್ಡ್ ಕೇಬಲ್ಲಿನ ಲೋಹದ ಹೊದಿಕೆಯನ್ನು, ಯಂತ್ರ ನಡೆಸುವ ನಿಯಂತ್ರಕದ ತುದಿಯಲ್ಲಿ ಮಾತ್ರ ಅರ್ತ್ ಮಾಡಬೇಕು.