ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಶಾಲೆಯ ಊಟ, ಉಪ್ಪು-ಸಕ್ಕರೆ, ತೂಕದ ಪತ್ರ

ವೀಸಾ ಷರತ್ತುಗಳಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರದ ಭತ್ಯೆಗಳನ್ನು ಪಡೆಯುವಂತಿಲ್ಲ) ಎಂಬ ಸಾಲು ಕಂಡು ಹೆದರಿ, ಶಾಲೆಯಲ್ಲಿ ಪುಕ್ಕಟೆ ಸಿಗುವ ಊಟವನ್ನೂ ಬೇಡವೆನ್ನುವ ಮನೆಗಳುಂಟು. ಬೇಡವೆನ್ನಬೇಕಿಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್, ಇಯರ್ 1, ಇಯರ್ 2 ತರಗತಿಗಳ (ಸುಮಾರು 4ರಿಂದ 7 ವರ್ಷ) ಎಲ್ಲ ಮಕ್ಕಳಿಗೂ 2014ರ ಸೆಪ್ಟೆಂಬರಿನಿಂದ ಮಧ್ಯಾಹ್ನದ ಊಟ ಉಚಿತ. ಅದಕ್ಕೆ ಸಂಬಳವೂ ಲೆಕ್ಕಕ್ಕಿಲ್ಲ, ವೀಸಾವೂ ಲೆಕ್ಕಕ್ಕಿಲ್ಲ. ಲಂಡನ್ನಿನಲ್ಲಿ ಮೇಯರ್ ಕೊಡುವ ಹಣದಿಂದ 2023ರ ಸೆಪ್ಟೆಂಬರಿನಿಂದ ಇಯರ್ 6ರವರೆಗೂ (ಸುಮಾರು 11 ವರ್ಷ) ಈ ಸೌಲಭ್ಯವಿದೆ. ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮ ಬೇರೆ. ಈ ಮಾರ್ಗದರ್ಶಿ ಇಂಗ್ಲೆಂಡಿಗೆ ಮಾತ್ರ.

ಎಚ್ಚರ ಬೇಕಾದದ್ದು ಹೆಲ್ದಿ ಸ್ಟಾರ್ಟ್ ಕಾರ್ಡಿನ ವಿಷಯದಲ್ಲಿ. ಹಾಲು, ಹಣ್ಣು, ತರಕಾರಿ, ಬೇಳೆಕಾಳು, ಶಿಶು ಆಹಾರದ ಪುಡಿ ಕೊಳ್ಳಲು ಸರ್ಕಾರ ಹಣ ತುಂಬಿಕೊಡುವ ಕಾರ್ಡ್ ಅದು. 10 ವಾರ ದಾಟಿದ ಗರ್ಭಿಣಿಯರಿಗೆ ಮತ್ತು 4 ವರ್ಷದೊಳಗಿನ ಮಕ್ಕಳಿರುವ ಕಡಿಮೆ ಆದಾಯದ ಮನೆಗಳಿಗೆ ಮೀಸಲು. ಅದನ್ನು ಪಡೆಯಲು ಸಾಮಾನ್ಯವಾಗಿ ಯೂನಿವರ್ಸಲ್ ಕ್ರೆಡಿಟ್‌ನಂಥ ಭತ್ಯೆ ಇರಬೇಕು. ಕೆಲಸದ ವೀಸಾದವರು ಆ ಭತ್ಯೆಗೆ ಅರ್ಜಿ ಹಾಕಿದರೆ ವೀಸಾ ಷರತ್ತು ಮುರಿದಂತಾಗುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ಫಾರಂ ತುಂಬಬೇಡಿ.

ಶಾಲೆಯ ಊಟ

ಸರ್ಕಾರದ ಶಾಲಾ ಊಟದ ನಿಯಮಗಳು 2015ರ ಜನವರಿಯಿಂದ ಜಾರಿಯಲ್ಲಿವೆ: ಪ್ರತಿದಿನ ತರಕಾರಿ ಮತ್ತು ಹಣ್ಣು ಇರಲೇಬೇಕು, ಕರಿದದ್ದು ವಾರಕ್ಕೆ ಎರಡು ಸಲ ಮೀರುವಂತಿಲ್ಲ, ಚಾಕೊಲೇಟು-ಮಿಠಾಯಿ ಕೊಡುವಂತಿಲ್ಲ. ಕಾಗದದ ಮೇಲೆ ಒಳ್ಳೆಯ ನಿಯಮಗಳೇ. ನಮ್ಮ ಮಕ್ಕಳ ತೊಂದರೆ ಬೇರೆ ಕಡೆ ಇದೆ.

ಇಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆಯೂ ಸೇರಿತು. ಭಾರತದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಇಲ್ಲಿಲ್ಲ. ಜೆಲ್ಲಿಯಲ್ಲಿ, ಕೆಲವು ಮೊಸರುಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಕೆಲವು ಚೀಸ್‌ಗಳನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಮಾಡುತ್ತಾರೆ. ಆದ್ದರಿಂದ ಪ್ರವೇಶದ ಫಾರಂನಲ್ಲಿ ಗುರುತು ಹಾಕಿ ಸುಮ್ಮನಾಗದೆ, ‘ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಬೇಡ’ ಎಂದು ಶಾಲೆಯ ಕಚೇರಿಗೆ ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಅಡುಗೆಮನೆ ತಲುಪುವುದಿಲ್ಲ. ಮಗು ಹಸಿದುಕೊಂಡು ಮನೆಗೆ ಬರುತ್ತಿದ್ದರೆ ರುಚಿಯನ್ನು ದೂರುವ ಮೊದಲು ಚಾಕು-ಫೋರ್ಕಿನ ಅಭ್ಯಾಸ ಇದೆಯೇ ನೋಡಿ. ಕೈತುತ್ತು ತಿಂದು ಬೆಳೆದ ಮಗುವಿಗೆ ಊಟದ ಬಿಡುವು ಸಾಲುವುದಿಲ್ಲ. ಶಾಲೆ ಶುರುವಾಗುವ ಮೊದಲೇ ಮನೆಯಲ್ಲಿ ರೂಢಿ ಮಾಡಿಸಿ.

ಊಟವಲ್ಲದೆ, 4ರಿಂದ 6 ವರ್ಷದ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ದಿನಕ್ಕೊಂದು ಹಣ್ಣೋ ತರಕಾರಿಯೋ ಉಚಿತ.

ಮನೆಯಿಂದ ಡಬ್ಬಿ ಕಳಿಸುವುದಾದರೆ

ಬಹಳಷ್ಟು ಶಾಲೆಗಳಲ್ಲಿ ಶೇಂಗಾ ಮತ್ತು ಗೋಡಂಬಿ, ಬಾದಾಮಿಯಂಥ ಬೀಜಗಳು ನಿಷಿದ್ಧ. ಚಟ್ನಿಪುಡಿ ಎಲ್ಲರಿಗೂ ನೆನಪಾಗುತ್ತದೆ; ಚಿತ್ರಾನ್ನದ ಒಗ್ಗರಣೆಯ ಶೇಂಗಾ, ಉಪ್ಪಿಟ್ಟಿನ ಗೋಡಂಬಿ ಮರೆತುಹೋಗುತ್ತವೆ. ಪುಳಿಯೋಗರೆಯಲ್ಲಿ ಶೇಂಗಾದ ಜೊತೆಗೆ ಎಳ್ಳೂ ಇರುತ್ತದೆ. ಇಲ್ಲಿಯ ಕಾನೂನು ಪಟ್ಟಿ ಮಾಡಿದ 14 ಅಲರ್ಜಿ ಪದಾರ್ಥಗಳಲ್ಲಿ ಎಳ್ಳು, ಸಾಸಿವೆ ಎರಡೂ ಇವೆ. ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ತಿಂಡಿ ಹಂಚುವ ಯೋಚನೆಯಿದ್ದರೆ ಶಿಕ್ಷಕರನ್ನು ಮೊದಲು ಕೇಳಿ.

ಡಬ್ಬಿಯನ್ನು ಶಾಲೆಯಲ್ಲಿ ಬಿಸಿ ಮಾಡಿಕೊಡುವುದಿಲ್ಲ. ಬೆಳಿಗ್ಗೆ ಏಳಕ್ಕೆ ತುಂಬಿದ ಅನ್ನ ಹನ್ನೆರಡರವರೆಗೆ ಉಗುರುಬೆಚ್ಚಗೆ ಕೂತಿದ್ದರೆ ಅದೇ ಅಪಾಯ: ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯದೆ, ಆ ಶಾಖದಲ್ಲಿ ಮೊಳೆತು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ದಾರಿ ಎರಡಿದೆ. ಒಂದು, ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಕೆಲವು ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಅನ್ನವನ್ನು ಬಾಯಿತನಕ ತುಂಬುವುದು. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ಇನ್ನೊಂದು, ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗಿಟ್ಟು, ಐಸ್ ಪ್ಯಾಕಿನ ಜೊತೆ ತಣ್ಣಗೆ ಕಳಿಸುವುದು. ಮೊಸರನ್ನಕ್ಕೆ ಎರಡನೆಯದೇ ಸರಿ. ಫ್ರಿಜ್ಜಿನಲ್ಲಿಟ್ಟ ಅನ್ನವನ್ನು 24 ಗಂಟೆಯ ಮೇಲೆ ಬಳಸಬೇಡಿ.

ಚಿಕ್ಕ ಮಕ್ಕಳಿಗೆ ದ್ರಾಕ್ಷಿ, ಚೆರ್ರಿ ಟೊಮ್ಯಾಟೊ ಇಡಿಯಾಗಿ ಹಾಕಬೇಡಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಉಪ್ಪು, ಸಕ್ಕರೆ ಮತ್ತು ಮೂರು ಬಣ್ಣ

ಪೊಟ್ಟಣದ ಮುಂಭಾಗದಲ್ಲಿ ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಉಪ್ಪುಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಕಾಣುತ್ತದೆ. ಇದು ಸ್ವಯಂಪ್ರೇರಿತ, ಎಲ್ಲ ಪೊಟ್ಟಣದಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಹಿಂದಿನ ಕೋಷ್ಟಕದಲ್ಲಿ 100 ಗ್ರಾಂ ಲೆಕ್ಕ ನೋಡಿ: ಸಕ್ಕರೆ 22.5 ಗ್ರಾಂ ಮೀರಿದರೆ, ಕೊಬ್ಬು 17.5 ಮೀರಿದರೆ, ಉಪ್ಪು 1.5 ಮೀರಿದರೆ ಅದು ಕೆಂಪು. ಮುಂಭಾಗದ ಅಂಕಿ ಒಂದು ‘ಪೋರ್ಷನ್’ನದು, ಪಿಜ್ಜಾ ಆದರೆ ಅದು ಅರ್ಧ ಪಿಜ್ಜಾ ಇರಬಹುದು. ಅರ್ಧಕ್ಕೆ ನಿಲ್ಲಿಸುವವರು ಯಾರು?

ಇಂಡಿಯನ್ ಅಂಗಡಿಯ ಪೊಟ್ಟಣಗಳಲ್ಲಿ ಉಪ್ಪಿನ ಬದಲು ಸೋಡಿಯಂ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿದ್ದರೆ 2.5ರಿಂದ ಗುಣಿಸಿ. 600 ಮಿಲಿಗ್ರಾಂ ಸೋಡಿಯಂ ಎಂದರೆ ಒಂದೂವರೆ ಗ್ರಾಂ ಉಪ್ಪು.

ದಿನದ ಉಪ್ಪಿನ ಮಿತಿ: 1ರಿಂದ 3 ವರ್ಷಕ್ಕೆ 2 ಗ್ರಾಂ, 4ರಿಂದ 6ಕ್ಕೆ 3, 7ರಿಂದ 10ಕ್ಕೆ 5, ಆಮೇಲೆ 6. ದಿನವೂ ತೂಗುವುದು ಯಾರಿಂದಲೂ ಆಗದು. ಪೊಟ್ಟಣದ ಮೇಲೆ ತೆರೆದ ತಾರೀಕು ಬರೆದಿಡಿ, ಸಾಕು. ಗಂಡ, ಹೆಂಡತಿ, 5 ಮತ್ತು 8 ವರ್ಷದ ಮಕ್ಕಳಿರುವ ಮನೆಗೆ ದಿನದ ಒಟ್ಟು ಮಿತಿ 20 ಗ್ರಾಂ. 750 ಗ್ರಾಂ ಪೊಟ್ಟಣ ಒಂದು ತಿಂಗಳಿಗೆ ಖಾಲಿಯಾದರೆ ದಿನಕ್ಕೆ 25 ಗ್ರಾಂ ಆಯಿತು. ಉಪ್ಪಿನಕಾಯಿ, ಹಪ್ಪಳ, ಬ್ರೆಡ್, ಚೀಸ್ ಇನ್ನೂ ಸೇರಿಲ್ಲ. ನಮ್ಮ ಅಡುಗೆಯಲ್ಲಿ ಎಣ್ಣೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಉಪ್ಪಿನ ಬಗ್ಗೆ ಯಾರೂ ಆಡುವುದಿಲ್ಲ.

ಅದರ ಜೊತೆಗೇ ಇನ್ನೊಂದು ಸಂಗತಿ. ಭಾರತದಲ್ಲಿ ಮಾರುವ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸುವುದು ಕಡ್ಡಾಯ. ಇಲ್ಲಿಯ ಉಪ್ಪಿನಲ್ಲಿ ಸಾಮಾನ್ಯವಾಗಿ ಅದಿಲ್ಲ. ಇಲ್ಲಿಯವರಿಗೆ ಅಯೋಡಿನ್ ಸಿಗುವುದು ಹೆಚ್ಚಾಗಿ ಹಾಲು, ಮೀನಿನಿಂದ. ಮೀನು ತಿನ್ನದೆ, ಹಾಲು ಬಿಟ್ಟು ಓಟ್ಸ್ ಹಾಲಿಗೋ ಬಾದಾಮಿ ಹಾಲಿಗೋ ಹೋದವರು, ಅದರಲ್ಲೂ ಗರ್ಭಿಣಿಯರು, ಅಯೋಡಿನ್ ಸೇರಿಸಿದ್ದನ್ನೇ ಲೇಬಲ್ ನೋಡಿ ಕೊಳ್ಳಬೇಕು.

ಸಕ್ಕರೆಗೆ ಮಿತಿ: 4ರಿಂದ 6 ವರ್ಷಕ್ಕೆ ದಿನಕ್ಕೆ 19 ಗ್ರಾಂ, 7ರಿಂದ 10ಕ್ಕೆ 24, ದೊಡ್ಡವರಿಗೆ 30. ಬೆಲ್ಲ, ಜೇನುತುಪ್ಪಕ್ಕೆ ರಿಯಾಯಿತಿ ಇಲ್ಲ, ಅವೂ ಇದೇ ಲೆಕ್ಕ. ಹಣ್ಣಿನ ರಸ ದಿನಕ್ಕೆ 150 ಮಿಲಿ ಮೀರಬಾರದು.

‘ಫೈವ್ ಎ ಡೇ’ ಎಂಬುದು ಹಣ್ಣು-ತರಕಾರಿಯ ಐದು ಪಾಲು. ದೊಡ್ಡವರಿಗೆ ಒಂದು ಪಾಲು 80 ಗ್ರಾಂ. ಆಲೂಗಡ್ಡೆ ಲೆಕ್ಕಕ್ಕಿಲ್ಲ. ಬೇಳೆಕಾಳು ಎಷ್ಟೇ ತಿಂದರೂ ಒಂದೇ ಪಾಲು, ಸಸ್ಯಾಹಾರಿಗಳು ಎಡವುವುದು ಇಲ್ಲೇ. ನಾಲ್ಕು ಜನರ ಸಾಂಬಾರಿನಿಂದ ತಲಾ ಒಂದು ಪಾಲು ಸಿಗಬೇಕಾದರೆ ಹೆಚ್ಚಿದ ತರಕಾರಿ 320 ಗ್ರಾಂ ಬೀಳಬೇಕು. ಫ್ರೋಜನ್ ಬೀನ್ಸ್, ಪಾಲಕ್ ಧಾರಾಳವಾಗಿ ನಡೆಯುತ್ತವೆ.

ಎಳೆಮಕ್ಕಳು ಮತ್ತು ವಿಟಮಿನ್ ಡಿ

ಘನ ಆಹಾರ ಸುಮಾರು 6 ತಿಂಗಳಿಗೆ. ರಾಗಿ ಸರಿ ಮಾಡಿ, ಬೆಲ್ಲ-ಉಪ್ಪು ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕುಡಿಯುವ ಹಾಲಾಗಿ ಹಸುವಿನ ಹಾಲು ಒಂದು ವರ್ಷದ ನಂತರ. 2 ವರ್ಷದವರೆಗೆ ನೀಲಿ ಮುಚ್ಚಳದ ಕೆನೆಹಾಲು, ಆಮೇಲೆ ಅರ್ಧ ಕೆನೆ ತೆಗೆದ ಹಸಿರು ಮುಚ್ಚಳದ್ದು ಆಗಬಹುದು.

ನಮ್ಮ ಮೈಬಣ್ಣಕ್ಕೆ ಇಲ್ಲಿಯ ಬಿಸಿಲು ಸಾಲದು. ಆದ್ದರಿಂದ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು, ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಯೋಚಿಸಿ ಎಂಬುದು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಲಹೆ. ಎದೆಹಾಲು ಕುಡಿಯುವ ಕೂಸಿಗೂ ಹುಟ್ಟಿದಂದಿನಿಂದ ಹನಿ ಬೇಕು. ಎಳೆಮಕ್ಕಳನ್ನು ನೋಡಲು ಮನೆಗೆ ಬರುವ ನರ್ಸ್, ಅಂದರೆ ಹೆಲ್ತ್ ವಿಸಿಟರ್, ಬಂದಾಗ ಕೇಳಿ. ಊರಿಂದ ತಂದ 60,000 ಐಯು ಪುಡಿ ದಿನನಿತ್ಯದ್ದಲ್ಲ, ವೈದ್ಯರು ಹೇಳದೆ ಮುಟ್ಟಬೇಡಿ.

ತೂಕದ ಪತ್ರ, ರಕ್ತಪರೀಕ್ಷೆ

ರಿಸೆಪ್ಷನ್ ಮತ್ತು ಇಯರ್ 6ರಲ್ಲಿ ಶಾಲೆಯಲ್ಲೇ ಮಕ್ಕಳ ಎತ್ತರ, ತೂಕ ಅಳೆಯುತ್ತಾರೆ. ಬೇಡವಾದರೆ ಮೊದಲೇ ತಿಳಿಸಬಹುದು. ಮಗುವಿನ ತೂಕ ಹೆಚ್ಚಿದೆ ಎಂಬ ಪತ್ರ ಬಂದರೆ ಅದು ಆರೋಪವಲ್ಲ. ಮಗುವಿನ ಊಟ ಕಿತ್ತುಕೊಳ್ಳಲೂಬೇಡಿ, ‘ದುಂಡಗಿದ್ದರೇ ಚೆಂದ’ ಎಂದು ಹರಿದು ಬಿಸಾಡಲೂಬೇಡಿ. ಪತ್ರದಲ್ಲಿರುವ ಸಂಖ್ಯೆಗೆ ಫೋನ್ ಮಾಡಿ.

ದೊಡ್ಡವರಿಗೆ ದಕ್ಷಿಣ ಏಷ್ಯಾದವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಮಿತಿಯೇ ಬೇರೆ: 23ಕ್ಕೆ ಅಧಿಕ ತೂಕ, 27.5ಕ್ಕೆ ಬೊಜ್ಜು. ಆನ್‌ಲೈನ್ ಲೆಕ್ಕದಲ್ಲಿ ನಿಮ್ಮ ಜನಾಂಗೀಯ ಹಿನ್ನೆಲೆ ಆರಿಸದಿದ್ದರೆ 25, 30ರ ಲೆಕ್ಕ ತೋರಿಸಿ ಸುಳ್ಳು ಸಮಾಧಾನ ಕೊಡುತ್ತದೆ. 40ರಿಂದ 74 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಉಚಿತ. ಜಿಪಿ (ಹತ್ತಿರದ ಕುಟುಂಬ ವೈದ್ಯರು) ಬಳಿ ಹೆಸರು ನೋಂದಾಯಿಸಿರಬೇಕು. ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 42ರಿಂದ 47ರೊಳಗೆ ಬಂದರೆ ಮಧುಮೇಹ ತಡೆಗಟ್ಟುವ ಉಚಿತ ತರಬೇತಿಗೆ ಜಿಪಿ ಕಳಿಸಬಹುದು. ಊರಿನ ಲ್ಯಾಬ್ ವರದಿ ಶೇಕಡಾವಾರಿನಲ್ಲಿರುತ್ತದೆ: ಅಲ್ಲಿಯ 6.0 ಇಲ್ಲಿಯ 42, ಅಲ್ಲಿಯ 6.5 ಇಲ್ಲಿಯ 48. ಹಳೆಯ ವರದಿಯನ್ನು ಮೊದಲ ಭೇಟಿಗೇ ಒಯ್ಯಿರಿ.