ಕಾರವಾರದಲ್ಲಿ ಕಾರಿನ ಖರ್ಚು ಬರುವುದು ಅಡಿಯಿಂದ

ಬಾಡಿಗೆ ಓಡಿಸುವ ನಮ್ಮಂಥವರಿಗೆ ನಾಲ್ಕು ಮೀಟರ್ ಒಳಗಿನ ಡೀಸೆಲ್ ಸೆಡಾನ್ ಬಹಳ ಅನುಕೂಲ. 2006ರ ಬಜೆಟ್‌ನಲ್ಲಿ ಈ ಅಳತೆಯ ಸಣ್ಣ ಕಾರುಗಳಿಗೆ ತೆರಿಗೆ ಇಳಿಸಿದರು. ಆಮೇಲೆ ಕಂಪನಿಗಳು ಡಿಕ್ಕಿಯನ್ನು ಮೋಟು ಮಾಡಿ ಇಂಥ ಗಾಡಿ ತಂದವು. ನೋಡೋಕೆ ಚೆಂದ ಇಲ್ಲ ಅನ್ನುವವರಿದ್ದಾರೆ. ಎರಡು ಸೂಟ್‌ಕೇಸ್ ಹಿಡಿದುಕೊಂಡು ಸ್ಟೇಷನ್ನಿನಲ್ಲಿ ನಿಂತವರು ಯಾರೂ ಹಾಗೆ ಅಂದಿಲ್ಲ.

ನನ್ನ ಗಾಡಿ ಜಾಸ್ತಿ ಹೋಗುವುದು ಎರಡೇ ಕಡೆ. ಒಂದು, ಸಮುದ್ರದ ಮಗ್ಗುಲಿನ 66ನೇ ಹೆದ್ದಾರಿಯಲ್ಲಿ ಗೋವಾಕ್ಕೆ. ಇನ್ನೊಂದು, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಆಸ್ಪತ್ರೆಗೆ ಹೊರಟ ಜನ. ಒಂದು ದಾರಿಯಲ್ಲಿ ಉಪ್ಪು, ಇನ್ನೊಂದರಲ್ಲಿ ಏರು. ಎಂಜಿನ್ ನನಗೆ ತೊಂದರೆ ಕೊಟ್ಟಿದ್ದು ಕಡಿಮೆ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಬದಲಿಸಿದರೆ ಅದರ ಪಾಡಿಗೆ ಅದು ಓಡುತ್ತದೆ. ದುಡ್ಡು ತಿನ್ನುವುದು ಕೆಳಗಿನ ಸಾಮಾನು.

ಇಲ್ಲಿ ಹೇಳುವ ರೇಟೆಲ್ಲ ಹೊರಗಿನ ಗ್ಯಾರೇಜಿನಲ್ಲಿ ನಾನು ಕೊಟ್ಟಿದ್ದು. ಕಂಪನಿ ಸರ್ವಿಸ್‌ನಲ್ಲಿ ಇನ್ನೂ ಜಾಸ್ತಿಯಾಗುತ್ತದೆ.

ಘಟ್ಟದಲ್ಲಿ ಮೊದಲು ಸವೆಯುವುದು ಕ್ಲಚ್. ಲೋಡ್ ಲಾರಿಯ ಹಿಂದೆ ಅರ್ಧ ಕ್ಲಚ್ಚಿನಲ್ಲೇ ಏರಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಏರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮಾತ್ರ ಏರದಿದ್ದರೆ ಪ್ಲೇಟ್ ಮುಗಿದಿದೆ ಅಂತ ಲೆಕ್ಕ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಸೇರಿದ ಸೆಟ್‌ಗೆ 6,500 ರೂಪಾಯಿ, ಇಳಿಸಿ ಹಾಕಿದ ಮಜೂರಿ 2,000. ಪ್ಲೇಟ್ ಒಂದೇ ಸಾಕು ಅಂತ ಉಳಿಸಲು ಹೋಗಬಾರದು. ಬೇರಿಂಗ್ ಆಮೇಲೆ ಕೂಗಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು, ಮಜೂರಿ ಮತ್ತೆ ಅಷ್ಟೇ.

ಇಳಿಯುವಾಗ ಬ್ರೇಕ್. ನಾನು ಏರಿದ ಗೇರಿನಲ್ಲೇ ಇಳಿಯುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಘಟ್ಟದ ಬಿಸಿಗೆ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಸುಮಾರು 500 ರೂಪಾಯಿ. ಇಷ್ಟು ಕಡಿಮೆ ಖರ್ಚಿನ ಕೆಲಸವನ್ನೇ ಜನ ಮುಂದೆ ಹಾಕುತ್ತಾರೆ.

ಹಿಂದಿನ ಡ್ರಮ್ಮಿನದು ಮಳೆಗಾಲದ ಕಥೆ. ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಮಳೆಯಲ್ಲಿ ಬಿಟ್ಟರೆ ಡ್ರಮ್ ತುಕ್ಕು ಹಿಡಿದು, ಅದಕ್ಕೆ ಉಜ್ಜುವ ಬ್ರೇಕ್ ಲೈನರ್ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಾದರೆ ನಾನು ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತೇನೆ.

ಇನ್ನು ಗಾಡಿಯ ಮುಂಭಾಗದಿಂದ ಬರುವ ಟಕ್ ಟಕ್ ಸದ್ದು. ಸುಮಾರು ಗ್ಯಾರೇಜಿನಲ್ಲಿ ಮೊದಲ ಉತ್ತರ ಶಾಕ್ ಅಬ್ಸಾರ್ಬರ್, ಜೋಡಿಗೆ ಐದಾರು ಸಾವಿರ. ನಾನು ಹೇಳುವುದಿಷ್ಟೇ: ಗಾಡಿ ವಾಲದಂತೆ ತಡೆಯುವ ಸಣ್ಣ ಸರಳು, ಅಂದರೆ ಲಿಂಕ್ ರಾಡ್, ಎರಡನ್ನೂ ಬಿಚ್ಚಿ, ಓಣಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕೋಣ. ತಿರುವಿನಲ್ಲಿ ಗಾಡಿ ಸ್ವಲ್ಪ ವಾಲುತ್ತದೆ, ಹಾಗಾಗಿ ವೇಗ ಬೇಡ. ಸದ್ದು ನಿಂತಿತೋ, ತಪ್ಪು ಲಿಂಕ್ ರಾಡಿನದ್ದೇ. ಒಂದಕ್ಕೆ 700ರಂತೆ ಎರಡು ಹಾಕಿಸಿದರೆ ಮುಗಿಯಿತು. ಗಾಡಿ ಮೇಲೆತ್ತಿದಾಗಲೇ ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟನ್ನೂ ಬೆರಳಿನಿಂದ ಬಿಡಿಸಿ ನೋಡಬೇಕು. ಹರಿದ ಬೂಟಿಗೆ 500 ರೂಪಾಯಿ. ಸುಮ್ನೆ ಬಿಟ್ಟರೆ ಗ್ರೀಸ್ ಹೊರಗೆ, ಮರಳು ಒಳಗೆ. ಆಮೇಲೆ ಜಾಯಿಂಟಿಗೇ ನಾಲ್ಕು ಸಾವಿರ.

ಉಪ್ಪು ಏನು ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ವಿಷಯದಲ್ಲಿ. ಒಂದು ಮಳೆಗಾಲ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಕಟ್ ಕಟ್. ಇನ್ನೊಮ್ಮೆ ತಿರುಗಿಸಿದರೆ ಏದುಸಿರು ಬಿಡುತ್ತಾ ಸ್ಟಾರ್ಟ್. ಒಂದು ಗ್ಯಾರೇಜಿನವರು ಸೆಲ್ಫ್ ಮೋಟರ್ ಹೋಗಿದೆ, 7,500 ಅಂದರು. ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿಯೇ ವೀಕ್, 5,800 ಅಂದರು. ಎರಡೂ ಹಾಕಿಸಲಿಲ್ಲ. ಅಂಕೋಲಾದಲ್ಲಿ ಒಬ್ಬ ವಯರಿಂಗ್ ಹುಡುಗನ ಹತ್ತಿರ ಹೋದೆ. ಅವನು ಏನನ್ನೂ ಬಿಚ್ಚಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಹಿಡಿದು, “ಸೆಲ್ಫ್ ಹೊಡಿ ಅಣ್ಣಾ” ಅಂದ. ಮೀಟರಿನಲ್ಲಿ ಒಂದೂವರೆ ವೋಲ್ಟ್ ಹತ್ತಿರ ಬಂತು. “ಅರ್ಧ ವೋಲ್ಟ್ ಒಳಗಿರಬೇಕು. ಅರ್ತಿಂಗ್ ಇಲ್ಲ ಇದಕ್ಕೆ” ಅಂದವನೇ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಗೇರ್‌ಬಾಕ್ಸಿನಿಂದ ಗಾಡಿಯ ಕಬ್ಬಿಣದ ಮೈಗೆ ಬರುವ ಹೆಣೆದ ತಾಮ್ರದ ಪಟ್ಟಿ ತೋರಿಸಿದ. ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪುಡಿ. ಎಳೆಗಳು ಅರ್ಧಕ್ಕರ್ಧ ಮುರಿದಿದ್ದವು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದ. ಎಲ್ಲಾ ಸೇರಿ 400 ರೂಪಾಯಿ. ಹಳೇ ಬ್ಯಾಟರಿ, ಹಳೇ ಸೆಲ್ಫ್ ಅದರ ಮೇಲೆ ಆರಾಮಾಗಿ ಓಡಿದವು. ಈಗ ಯಾರಾದರೂ “ಇದು ಹೋಗಿದೆ” ಅಂದರೆ, ಹೇಗೆ ಗೊತ್ತಾಯಿತು ತೋರಿಸಿ ಅನ್ನುತ್ತೇನೆ. ಒಳ್ಳೆ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಸಿಯಲ್ಲೂ ಅದೇ. ಗ್ಯಾಸ್ ತುಂಬಿಸಲು 1,800. ಎರಡು ತಿಂಗಳಲ್ಲಿ ಮತ್ತೆ ಖಾಲಿಯಾದರೆ ಲೀಕ್ ಇದೆ ಅಂತಲೇ ಅರ್ಥ. ಮೊದಲು ನೈಟ್ರೋಜನ್ ಪ್ರೆಶರ್ ಕೊಟ್ಟು ಎಲ್ಲಿ ಅಂತ ಹುಡುಕಿಸಿ. ನನ್ನದರಲ್ಲಿ ಕೂಲಿಂಗ್ ಕಾಯಿಲ್ ತೂತಾಗಿತ್ತು, ಗ್ಯಾಸ್ ಸೇರಿ 5,500 ಆಯಿತು.

ಪ್ರವಾಸಿಗಳು ಗಾಡಿಯನ್ನು ಮರಳಿಗಿಳಿಸಿ, ಫೋಟೋ ಹೊಡೆಯೋಣ ಅನ್ನುತ್ತಾರೆ. ನಾನು ಇಳಿಸುವುದಿಲ್ಲ, ಬೇಕಾದರೆ ಬಾಡಿಗೆಯಲ್ಲಿ ನೂರು ಕಡಿಮೆ ಕೊಡಲಿ. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ, ಅಡಿಭಾಗ ತೊಳೆಸಿ ಪೂರ್ತಿ ಒಣಗಿದ ಮೇಲೆ, ತುಕ್ಕು ಕೆರೆಸಿ ಕೋಟಿಂಗ್ ಹೊಡೆಸುತ್ತೇನೆ. 3,500 ರೂಪಾಯಿ. ಹಸಿ ತುಕ್ಕಿನ ಮೇಲೆ ಹೊಡೆದರೆ ಅದು ಒಳಗೇ ತಿನ್ನುತ್ತಾ ಹೋಗುತ್ತದೆ. ಹೊಡೆಯುವಾಗ ಪಕ್ಕದಲ್ಲೇ ನಿಂತಿರಬೇಕು. ಬಾಗಿಲ ಕೆಳಗೆ ನೀರು ಇಳಿದು ಹೋಗುವ ಸಣ್ಣ ತೂತುಗಳಿರುತ್ತವೆ, ಅವಸರದಲ್ಲಿ ಅವನ್ನೂ ಮುಚ್ಚಿಬಿಡುತ್ತಾರೆ.